ನೂರ ಹದಿನಾಲ್ಕು ಮೀನು

ಕೆರೆಯ ಶೆಡ್ಡಿನಿಂದ
19 ನವೆಂಬರ್ 2006

ಪಪ್ಪನಿಗೆ,

ಫೋನ್ ಮಾಡಬೇಡ ಎಂದಿರಿ, ಮಾಡುತ್ತಿಲ್ಲ. ಬರೆಯಬೇಡ ಎಂದು ಹೇಳಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ನೀವು ಅರ್ಧ ಓದಿ ಅಮ್ಮನ ಕೈಗೆ ಕೊಡುತ್ತೀರಿ. ತುಳುವಿನಲ್ಲಿ ನಾವು ಜಗಳ ಆಡಿದ್ದೇವೆಯೇ ಹೊರತು ಬರೆದದ್ದಿಲ್ಲ. ಮಲ್ಪೆಯ ಶಾಲೆಯಲ್ಲಿ ಏಳನೆಯ ಕ್ಲಾಸಿನ ತನಕ ಕಲಿತ ಕನ್ನಡವೇ ಗತಿ. ತಪ್ಪಿದ್ದರೆ ತಿದ್ದಿಕೊಳ್ಳಿ.

ಮೊದಲು ಹಳೆಯ ವಿಷಯ, ನಾನಿನ್ನೂ ನಿಮ್ಮ ಜೊತೆ ಇದ್ದಾಗಿನದು. ಗಿರಾವೀನ್‌ನಲ್ಲಿ ಯಾದವ ಅಂಕಲ್ ಮನೆಯ ಪೂಜೆಯ ದಿನ ನೀವು ಎಲ್ಲರಿಗೂ "ಸೀಫುಡ್ ಎಕ್ಸ್‌ಪೋರ್ಟ್ ಮ್ಯಾನೇಜರ್" ಎಂದು ಹೇಳಿಕೊಳ್ಳುತ್ತಿದ್ದಾಗ, "ಇಲ್ಲ, ಪಪ್ಪ ಫ್ಯಾಕ್ಟರಿಯಲ್ಲಿ ಮೀನು ಕೊಯ್ಯುತ್ತಾರೆ" ಎಂದೆ. ಕ್ಷಮೆ ಕೇಳು ಎಂದು ಅಮ್ಮ ಹೇಳಿದ್ದಾಳೆ. ಅಷ್ಟು ಜನರ ಎದುರು ನಿಮಗೆ ನೋವು ಮಾಡಿದ್ದಕ್ಕೆ ಕೇಳುತ್ತೇನೆ. ಹೇಳಿದ ಮಾತಿಗೆ ಕೇಳುವುದಿಲ್ಲ, ಅದು ನಿಜ. ಶಾಲೆ ಬಿಟ್ಟದ್ದಕ್ಕೂ ದೊಡ್ಡ ಕಾರಣವಿಲ್ಲ. ಯಾರೂ ಬೈಯಲಿಲ್ಲ, ಯಾರೂ ಕಾಡಲಿಲ್ಲ. ಕೂತು ಕೂತು ಮೈ ಜಡ್ಡುಗಟ್ಟಿತು, ಎದ್ದು ಬಂದೆ.

ನೀವು ಕೊಡಿಸಿದ ಕೆಲಸ ಹೇಗಿದೆ ಎಂದು ತಿಳಿಯುವ ಮನಸ್ಸಿರಬಹುದು. ಮೆಲ್ಬರ್ನ್‌ನಿಂದ ಎರಡು ಗಂಟೆಯ ದಾರಿ. ಸುತ್ತ ಕಾಡು, ಕತ್ತು ನೋಯುವಷ್ಟು ಎತ್ತರದ ಮರಗಳು, ನಡುವೆ ಈ ಸಣ್ಣ ಕೆರೆ. ಚಂದ ಅಷ್ಟಕ್ಕೇ ಮುಗಿಯಿತು. ಇದರಲ್ಲಿರುವ ಟ್ರೌಟ್ ಮೀನು ಒಂದೂ ಇಲ್ಲಿ ಹುಟ್ಟಿದ್ದಲ್ಲ, ಲಾರಿಯಲ್ಲಿ ಬಂದದ್ದು. ಲಾರಿಯ ಟ್ಯಾಂಕಿಗೆ ದಪ್ಪ ಪೈಪು ಸಿಕ್ಕಿಸಿ ಕೆರೆಗೆ ಸುರಿಯುತ್ತಾರೆ. ಮೊಟ್ಟೆಯಿಡಲು ಅವಕ್ಕೆ ಹರಿಯುವ ನೀರು, ಜಲ್ಲಿಕಲ್ಲಿನ ತಳ ಬೇಕಂತೆ. ಇಲ್ಲಿರುವುದು ಕೆಸರು. ಹಿಡಿದು ಮುಗಿದಂತೆ ಮತ್ತೆ ಲಾರಿ ತರಿಸುವುದೇ ವ್ಯವಹಾರ. ಮರಿಯಿಂದಲೂ ಕೈಯಲ್ಲಿ ಎರಚಿದ ಮೀನಿನ ಆಹಾರದ ಗುಳಿಗೆ ತಿಂದು ಬೆಳೆದವು, ದಡದಲ್ಲಿ ಮನುಷ್ಯನ ನೆರಳು ಬಿದ್ದರೆ ಓಡುವ ಬದಲು ಬಾಯಿ ತೆರೆದುಕೊಂಡು ಹತ್ತಿರ ಬರುತ್ತವೆ. ಅಂಥದ್ದನ್ನು ಹಿಡಿಯಲು ಹತ್ತು ಜೇಬಿನ ಕೋಟು ತೊಟ್ಟ ದೊಡ್ಡ ಮನುಷ್ಯರು ಬರುತ್ತಾರೆ. ಹಿಡಿದು, ಫೋಟೋ ತೆಗೆಸಿ, ತುಟಿ ಹರಿದ ಮೀನನ್ನು ಮತ್ತೆ ನೀರಿಗೆ ಬಿಟ್ಟು, "ಕಾಡಿನ ಮೀನು, ಏನು ಶಕ್ತಿ" ಎಂದು ಕೈ ಕುಲುಕಿಕೊಳ್ಳುತ್ತಾರೆ. ಒಂದೇ ಮೀನಿನ ಬಾಯಿಯಲ್ಲಿ ನಾನು ಮೂರು ಹಳೆಯ ಗಾಯ ಎಣಿಸಿದೆ. ಹೇಸಿಗೆಯಾಯಿತು.

ಯಜಮಾನರು ಬದರಿನಾಥ ಅಂಕಲ್ ಶನಿವಾರ ಬರುತ್ತಾರೆ. ಉಳಿದ ದಿನ ಮೆಲ್ಬರ್ನ್‌ನಲ್ಲಿ ಅವರಿಗೆ ಕಂಪ್ಯೂಟರ್ ಕೆಲಸ. ಮೀನಿನ ಕೆರೆಯ ಯಜಮಾನ ಮೀನು ಮುಟ್ಟುವುದಿಲ್ಲ. ಮೂಗಿಗೆ ಕರ್ಚೀಫು ಒತ್ತಿಕೊಂಡೇ ಮಾತು. "ನೋಡಮ್ಮ ನವ್ಯಾ, ನಾನು ಇಲ್ಲೀವರೆಗೆ ಒಂದು ಜೀವಾನೂ ತೆಗೆದಿಲ್ಲ. ತೆಗೆಯೋರಿಗೆ ಜಾಗ ಕೊಟ್ಟಿದ್ದೀನಿ ಅಷ್ಟೆ" ಎಂದರು. ನಗು ಬಂತು. ಅವರು ನಗಲಿಲ್ಲ.

ಊಟ ಸರಿಯಾಗಿದೆ, ಅಮ್ಮನಿಗೆ ಹೇಳಿ.

ನವ್ಯಾ

*

ಗಿರಾವೀನ್
3 ಡಿಸೆಂಬರ್ 2006

ನವ್ಯಾಳಿಗೆ,

ಪತ್ರ ತಲುಪಿತು. ಅಕ್ಷರ ಕೋಳಿ ಕೆದಕಿದ ಹಾಗುಂಟು. ಕ್ಷಮೆಯನ್ನು ಅರ್ಧ ಮಾಡಿ ಕಳಿಸಿದ್ದೀ, ನಾನೂ ಅರ್ಧವೇ ತೆಗೆದುಕೊಂಡಿದ್ದೇನೆ.

ಹಿಡಿದ ಮೀನನ್ನು ಬಿಡುವುದು ಎಂತದು ಮಾರಾಯ್ತಿ? ನಿನ್ನ ಅಜ್ಜ ಕೇಳಿದ್ದರೆ ಅವರನ್ನು ದೋಣಿಯಿಂದ ಇಳಿಸಿಬಿಡುತ್ತಿದ್ದರು. ನಮ್ಮಲ್ಲಿ ಊರವರೆಲ್ಲ ಸೇರಿ ದಡದಿಂದ ಕೈರಂಪಣಿ ಬಲೆ ಎಳೆಯುವಾಗ ನಿನ್ನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ, ನೆನಪುಂಟಾ? ನಿನಗೆ ಐದು ವರ್ಷ. ಹಗ್ಗ ಹಿಡಿದು ನಾಲ್ಕು ಹೆಜ್ಜೆ ಎಳೆದೆ, ಅಷ್ಟಕ್ಕೇ ಅಜ್ಜ ನಿನ್ನ ಪಾಲಿನ ಬಂಗುಡೆ ಬೇರೆ ತೆಗೆದಿಟ್ಟರು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ನೀನು ಆ ಎರಡು ಬಂಗುಡೆ ಹಿಡಿದುಕೊಂಡು ಮನೆ ತನಕ ಯಾರಿಗೂ ಕೊಡಲಿಲ್ಲ.

ಈಗ ಕೆಲಸದ ಮಾತು. ನಮ್ಮ ಫ್ಯಾಕ್ಟರಿ ಮಾರ್ಚಿ ಕೊನೆಗೆ ಮುಚ್ಚುತ್ತದೆ. ನನ್ನ ವೀಸಾ ನಿಂತಿರುವುದು ಆ ಕೆಲಸದ ಮೇಲೆ. ಬೇರೆ ಯಾರಾದರೂ ಸ್ಪಾನ್ಸರ್ ಮಾಡದಿದ್ದರೆ ನಾವು ಮೂವರೂ ಹೊರಡಬೇಕು. ಬದರಿನಾಥರು ಮಾಡುತ್ತೇನೆ ಎಂದಿದ್ದಾರೆ. ಮೆಲ್ಬರ್ನ್‌ನ ಒಂದು ಗಾಳದ ಕ್ಲಬ್ಬಿನವರು ಕೆರೆಯನ್ನು ಮೂರು ವರ್ಷಕ್ಕೆ ಗುತ್ತಿಗೆ ಹಿಡಿಯುತ್ತಾರಂತೆ. ಕೆರೆಯಲ್ಲಿ ಎರಡು ಸಾವಿರ ಮೀನಾದರೂ ಇರಬೇಕು, ಎಣಿಸಿ ತೋರಿಸಬೇಕು. ಹಾಗಾದರೆ ನನಗೆ ಅಲ್ಲಿ ಮ್ಯಾನೇಜರ್ ಕೆಲಸ. ನಿಜವಾದ ಮ್ಯಾನೇಜರ್. ಆಗ ನೀನು ಯಾರ ಮನೆಯ ಪೂಜೆಯಲ್ಲಿ ಬೇಕಾದರೂ ಎದ್ದು ನಿಂತು ಹೇಳು.

ಅಲ್ಲಿಯ ತನಕ ಅವರು ಹೇಳಿದಷ್ಟು ಮಾಡು. ನಿನ್ನ ಸತ್ಯ ಸ್ವಲ್ಪ ದಿನ ಪೆಟ್ಟಿಗೆಯಲ್ಲಿರಲಿ.

ಪಪ್ಪ

*

ಕೆರೆ
14 ಜನವರಿ 2007

ಪಪ್ಪ,

ಎರಡು ಸಾವಿರ ಎಂದಿರಿ. ಇವತ್ತು ಬೆಳಿಗ್ಗೆ ನಾನು ಇನ್ನೂರ ಹತ್ತು ಸತ್ತ ಮೀನು ಎತ್ತಿದೆ. ನಿನ್ನೆ ನೂರ ಎಂಬತ್ತು. ಅದಕ್ಕೆ ಮೊದಲು ಎಣಿಸಲಿಲ್ಲ, ಬಿದಿರಿನ ಕೋಲಿಗೆ ಕಟ್ಟಿದ ಬಲೆಯಲ್ಲಿ ಬಾಚಿ ಹಾಕಿದೆ.

ಮಳೆಯಿಲ್ಲ. ಎರಡು ವಾರದಿಂದ ಬಿಸಿಲು ನಲವತ್ತರ ಹತ್ತಿರ. ಕೆರೆ ಎರಡು ಆಳು ಇಳಿದಿದೆ, ಉಳಿದ ನೀರು ಸ್ನಾನಕ್ಕೆ ಕಾಯಿಸಿಟ್ಟ ಹಾಗೆ ಬೆಚ್ಚಗಿದೆ. ಟ್ರೌಟ್ ತಣ್ಣೀರಿನ ಮೀನು, ಈ ನೀರಿನಲ್ಲಿ ಅವಕ್ಕೆ ಉಸಿರು ಸಿಗುವುದಿಲ್ಲ. ಮೇಲೆ ಬಂದು ಬಾಯಿ ಆಡಿಸುತ್ತವೆ, ಗುಳಿಗೆ ಕೇಳುವಾಗ ಮಾಡುತ್ತಿದ್ದ ಹಾಗೆಯೇ. ಮೊದಲ ದಿನ ನಾನು ಹಸಿವೆಂದು ತಿಳಿದು ಗುಳಿಗೆ ಎರಚಿದೆ. ಸಂಜೆಗೆ ಹೊಟ್ಟೆ ಮೇಲಾಗಿದ್ದವು.

ಬದರಿನಾಥ ಅಂಕಲ್‌ಗೆ ಹೇಳಿದೆ. "ಗುಂಡಿ ಕಾಡಿನೊಳಗೆ ತೋಡು, ಕಸ್ಟಮರ್‌ಗೆ ಕಾಣಬಾರದು" ಎಂದರು. ಕೆರೆ ಮುಚ್ಚೋಣ ಎಂದೆ. "ಬುಕಿಂಗ್ ಇದೆಯಲ್ಲಮ್ಮ" ಎಂದರು. ಹಾಗಾಗಿ ಬೆಳಿಗ್ಗೆ ಏಳರ ಒಳಗೆ ಸತ್ತವನ್ನು ಎತ್ತಿ ಹೂಳುತ್ತೇನೆ, ಎಂಟಕ್ಕೆ ಗೇಟು ತೆರೆದು ಸಾಯುತ್ತಿರುವವನ್ನು ಹಿಡಿಯಲು ಬಂದವರಿಗೆ ಗುಡ್ ಮಾರ್ನಿಂಗ್ ಹೇಳುತ್ತೇನೆ. ಒಬ್ಬ ಹೇಳಿದ, "ಇವತ್ತು ಮೀನು ಬಹಳ ಸುಲಭವಾಗಿ ಬರುತ್ತಿದೆ." ಹಳೆಯ ಗುಂಡಿಯ ಮಣ್ಣು ಉಬ್ಬಿದೆ, ಒಳಗೆ ಹುಳ ಮಿಜಿಮಿಜಿ ಎನ್ನುವುದು ಬರಿಗಾಲಿಗೆ ತಿಳಿಯುತ್ತದೆ. ಅನ್ನ ಕಲಸಿದರೆ ಕೈ ನಾರುತ್ತದೆ. ಫ್ಯಾಕ್ಟರಿಯಿಂದ ಬಂದು ನೀವು ನಿಂಬೆಹಣ್ಣಿನಲ್ಲಿ ಕೈ ಉಜ್ಜುತ್ತಿದ್ದಿರಲ್ಲ, ನಾನೂ ಉಜ್ಜುತ್ತೇನೆ. ಹೋಗುವುದಿಲ್ಲ.

ಒಂದೇ ಒಳ್ಳೆಯ ಜಾಗ ಸಿಕ್ಕಿದೆ. ಕೆರೆಗೆ ನೀರು ತರುವ ತೊರೆ ಗುಡ್ಡದ ಮೇಲಿಂದ ಬರುತ್ತದೆ, ನಡುವೆ ಮೂರಾಳು ಎತ್ತರದ ಜಲಪಾತ. ಅದರ ಮೇಲೆ ಹತ್ತಿ ಹೋದರೆ ನೆರಳು, ಕಲ್ಲು, ಕೈ ಜೋಮು ಹಿಡಿಯುವಷ್ಟು ತಣ್ಣನೆಯ ನೀರು. ಅಲ್ಲಿ ಬೆರಳುದ್ದದ ಮೀನುಗಳಿವೆ. ಮೈಮೇಲೆ ಹುರುಪೆಯೇ ಇಲ್ಲ, ಕಂದು ಬಣ್ಣ, ಪಕ್ಕೆಗೆ ಕಪ್ಪು ಪಟ್ಟೆ. ಮೀಸೆಯಿಲ್ಲದ ಪುಟ್ಟ ಬೆಕ್ಕುಗಳ ಹಾಗೆ ಕಲ್ಲಿನ ಅಡಿಯಿಂದ ಇಣುಕುತ್ತವೆ. ನೆರಳು ಬಿದ್ದರೆ ಮಾಯ. ಮೀನೆಂದರೆ ಹಾಗಿರಬೇಕು ಎನಿಸಿತು. ಜಲಪಾತದ ಕೆಳಗೆ ಅವು ಒಂದೂ ಇಲ್ಲ. ಏಕೆಂದು ಗೊತ್ತಿಲ್ಲ.

ನವ್ಯಾ

*

ಕೆರೆ
30 ಜನವರಿ 2007

ಪಪ್ಪ,

ಉತ್ತರ ಬರಲಿಲ್ಲ. ಇರಲಿ. ಎಣಿಕೆ ಶುರುವಾಯಿತು, ಅದಕ್ಕೆ ಬರೆಯುತ್ತಿದ್ದೇನೆ.

ಕ್ಲಬ್ಬಿನವರ ಕಡೆಯಿಂದ ಗ್ರೆಗ್ ಎಂಬ ಬೋಳುತಲೆಯವರು ಬಂದು ಲೆಕ್ಕ ವಿವರಿಸಿದರು. ಕೆರೆಯ ಮೀನನ್ನೆಲ್ಲ ಎಣಿಸಲು ಆಗುವುದಿಲ್ಲವಲ್ಲ. ಅದಕ್ಕೆ ನೂರ ಇಪ್ಪತ್ತು ಮೀನು ಹಿಡಿದು ಗುರುತು ಮಾಡಿ ಬಿಡುವುದು. ಅವು ಉಳಿದವುಗಳ ಜೊತೆ ಬೆರೆಯಲು ಮೂರು ವಾರ ಕೊಡುವುದು. ಆಮೇಲೆ ಬಲೆ ಎಳೆದು ನೂರು ಹಿಡಿಯುವುದು. ಆ ನೂರರಲ್ಲಿ ಗುರುತಿನವು ಅರ್ಧ ಸಿಕ್ಕರೆ ಕೆರೆಯಲ್ಲಿ ಇರುವುದು ಅವುಗಳ ಎರಡರಷ್ಟು, ಇನ್ನೂರ ನಲವತ್ತು. ಗುರುತಿನವು ಕಡಿಮೆ ಸಿಕ್ಕಷ್ಟೂ ಕೆರೆಯಲ್ಲಿ ಮೀನು ಜಾಸ್ತಿ ಎಂದರ್ಥ. ಶಾಲೆಯಲ್ಲಿ ಇಂಥದ್ದನ್ನು ಹೇಳಿಕೊಟ್ಟಿದ್ದರೆ ಒಂದು ವರ್ಷ ಹೆಚ್ಚು ಕೂರುತ್ತಿದ್ದೆನೋ ಏನೋ.

ಗುರುತು ಮಾಡಿದ್ದು ನಾನೇ. ಬೆನ್ನಿನ ಮೇಲೆ ಬಾಲದ ಹತ್ತಿರ ಒಂದು ಪುಟ್ಟ ಮೆತ್ತನೆಯ ರೆಕ್ಕೆ ಇರುತ್ತದೆ, ಈಜಲು ಅದು ಬೇಕಿಲ್ಲ. ಕತ್ತರಿಯಲ್ಲಿ ಕತ್ತರಿಸಿದರೆ ಮತ್ತೆ ಬೆಳೆಯುವುದಿಲ್ಲ. ಸರಿಯಾಗಿ ನೂರ ಇಪ್ಪತ್ತು. ಗ್ರೆಗ್ ಎದುರಿಗೇ ಎಣಿಸಿದೆ, ಕಾಗದಕ್ಕೆ ನನ್ನ ಸಹಿಯಿದೆ. ಮೀನುಗಳು ಸುಧಾರಿಸಿಕೊಳ್ಳಲಿ ಎಂದು ಎರಡು ದಿನ ದಡದ ಬಲೆಪಂಜರದಲ್ಲಿ ಇಟ್ಟೆವು. ಗ್ರೆಗ್ ಮೆಲ್ಬರ್ನ್‌ಗೆ ಹೋದರು.

ಮೂರನೆಯ ದಿನ ಬದರಿನಾಥ ಅಂಕಲ್ ಬೆಳಗಾಗುವಾಗಲೇ ಬಂದರು. "ಕೆರೇಲಿ ಬಿಟ್ರೆ ಇವೆಲ್ಲ ಬೆಂದು ಹೋಗುತ್ತೆ ಕಣಮ್ಮ. ಪಾಪ, ಗಾಯ ಬೇರೆ ಆಗಿದೆ. ಆರು ಇಲ್ಲಿ ಬಿಡು, ಮಿಕ್ಕಿದ್ದು ಮೇಲೆ ಫಾಲ್ಸ್ ದಾಟಿಸಿ ತಣ್ಣೀರಿಗೆ ಬಿಡೋಣ. ಲೆಕ್ಕದ ಹೊತ್ತಿಗೆ ವಾಪಸ್ ತಂದರಾಯ್ತು" ಎಂದರು. ನೂರ ಹದಿನಾಲ್ಕು ಮೀನುಗಳನ್ನು ಡ್ರಮ್ಮಿನಲ್ಲಿ ತುಂಬಿ, ಹಿಂಬದಿ ತೆರೆದ ಯೂಟ್ ಗಾಡಿಯಲ್ಲಿ ಮೇಲಿನ ದಾರಿಗೆ ಒಯ್ದು, ಅಲ್ಲಿಂದ ಬಕೆಟ್ಟಿನಲ್ಲಿ ಹೊತ್ತು ತೊರೆಗೆ ಬಿಟ್ಟೆ. ಹತ್ತೊಂಬತ್ತು ಸಲ ಹತ್ತಿ ಇಳಿದೆ. ಅಂಕಲ್ ದಡದಲ್ಲಿ ನಿಂತು ಪ್ರತಿ ಬಕೆಟ್ಟಿಗೂ ಕೈ ಮುಗಿದರು.

ತಣ್ಣೀರಿಗೆ ಬಿದ್ದ ಕೂಡಲೇ ಹೇಗೆ ಮೈ ಕೊಡವಿಕೊಂಡು ಹೋದವು. ಎಷ್ಟೋ ದಿನದ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದೆ ಎನಿಸಿತು.

ನವ್ಯಾ

*

ಗಿರಾವೀನ್
8 ಫೆಬ್ರವರಿ 2007

ನವ್ಯಾಳಿಗೆ,

ಎರಡೂ ಪತ್ರ ತಲುಪಿದವು. ಓವರ್‌ಟೈಮ್ ಇತ್ತು, ಬರೆಯಲಾಗಲಿಲ್ಲ.

ಎಲ್ಲ ಚೆನ್ನಾಗಿ ನಡೆಯುತ್ತಿದೆ. ನೀನು ಹೇಳಿದ ಮಾತು ಕೇಳುತ್ತಿದ್ದೀ ಎಂದು ಬದರಿನಾಥರು ಫೋನಿನಲ್ಲಿ ಹೊಗಳಿದರು. ಮನೆಯ ಯಜಮಾನನಿಗೆ ಮಾರ್ಚಿಗೆ ಬಿಡುತ್ತೇವೆ ಎಂದು ಹೇಳಿಯಾಯಿತು. ನಿನ್ನ ಅಮ್ಮ ಈಗಲೇ ಪಾತ್ರೆಗಳಿಗೆ ಪೇಪರು ಸುತ್ತುತ್ತಿದ್ದಾಳೆ.

ಬಿಸಿಲಿಗೆ ತಲೆಗೆ ಟೋಪಿ ಹಾಕು.

ಪಪ್ಪ

*

ಕೆರೆ
25 ಫೆಬ್ರವರಿ 2007

ಪಪ್ಪ,

ಲೆಕ್ಕ ಮೊನ್ನೆ ಮುಗಿಯಿತು. ಕೂತು ಓದಿ.

ಹಿಂದಿನ ದಿನ ಅಂಕಲ್‌ಗೆ ಹೇಳಿದೆ, ಮೇಲಿನ ಮೀನು ತರಬೇಕಲ್ಲ ಎಂದು. "ತೊರೇಲಿ ಎಲ್ಲಿ ಹುಡುಕ್ತೀಯಮ್ಮ? ಸುಖವಾಗಿವೆ, ಬಿಡು" ಎಂದರು. ಆಗ ಗೊತ್ತಾಯಿತು. ಅಷ್ಟು ಹೊತ್ತು ಬೇಕಾಯಿತು ನನಗೆ.

ಬೆಳಿಗ್ಗೆ ಗ್ರೆಗ್ ಇನ್ನೂ ಐದು ಜನರ ಜೊತೆ ಬಂದರು. ಕೆರೆ ಬತ್ತಿ ಬಟ್ಟಲಿನಷ್ಟಾಗಿದೆ, ಈ ದಡದಿಂದ ಆ ದಡಕ್ಕೆ ಬಲೆ ಎಳೆದೆವು. ನಾನೂ ಹಗ್ಗ ಹಿಡಿದೆ. ನೂರು ಮೀನು ಸಿಕ್ಕಲು ನಾಲ್ಕು ಸಲ ಎಳೆಯಬೇಕಾಯಿತು. ಅದರಲ್ಲಿ ರೆಕ್ಕೆ ಕತ್ತರಿಸಿದವು ನಾಲ್ಕೇ ನಾಲ್ಕು. ಗ್ರೆಗ್ ಗುಣಿಸಿದರು. ನೂರ ಇಪ್ಪತ್ತರಲ್ಲಿ ನಾಲ್ಕು ಎಂದರೆ ಮೂವತ್ತರಲ್ಲಿ ಒಂದು ಪಾಲು, ಹಿಡಿದ ನೂರರ ಮೂವತ್ತರಷ್ಟು ಕೆರೆಯಲ್ಲಿದೆ, ಮೂರು ಸಾವಿರ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಥ ಬಿಸಿಲಿನಲ್ಲೂ ಮೂರು ಸಾವಿರ ಉಳಿದಿದೆ ಎಂದರೆ ಇದು ಗಟ್ಟಿ ಕೆರೆ ಎಂದರು.

ಕೆರೆಗೆ ಬಿಟ್ಟದ್ದು ಆರು. ಆರರಲ್ಲಿ ನಾಲ್ಕು ಸಿಕ್ಕಿದೆ. ಹಾಗಾದರೆ ಕೆರೆಯಲ್ಲಿರುವುದು ನೂರ ಐವತ್ತು. ಇದು ಶಾಲೆ ಬಿಟ್ಟವಳಿಗೂ ಬರುವ ಲೆಕ್ಕ.

ಪಪ್ಪ, ನಾನು ಬಾಯಿ ಬಿಡಲಿಲ್ಲ. ಗ್ರೆಗ್ ಕಾಗದ ನನ್ನ ಮುಂದೆ ಹಿಡಿದರು. ನಿಮ್ಮ ವೀಸಾ, ಅಮ್ಮ ಪೇಪರು ಸುತ್ತಿದ ಪಾತ್ರೆಗಳು ಕಣ್ಣಿಗೆ ಬಂದವು. ಸಹಿ ಮಾಡಿದೆ. ಪೂಜೆಯ ಮನೆಯಲ್ಲಿ ನಿಮ್ಮ ಮಾನ ಕಳೆದ ಬಾಯಿ ಇಲ್ಲಿ ಮುಚ್ಚಿಕೊಂಡಿತು.

ಅವರೆಲ್ಲ ಹೋದ ಮೇಲೆ ಅಂಕಲ್‌ಗೆ ಮುಖದ ಮೇಲೇ ಕೇಳಿದೆ. ಅವರು ಸಿಟ್ಟಾಗಲಿಲ್ಲ, ಖುಷಿಯಲ್ಲಿದ್ದರು. "ಐಡಿಯಾ ನಂದಲ್ಲಮ್ಮ, ನಿಮ್ಮ ತಂದೇದು. ಧನರಾಜ್ ಬ್ರಿಲಿಯಂಟ್. ಗುರುತಿನ ಮೀನು ಮಾಯ ಆದ್ರೆ ನಂಬರ್ ಬೆಳೆಯುತ್ತೆ ಅಂತ ಎರಡು ನಿಮಿಷದಲ್ಲಿ ಹೇಳಿಬಿಟ್ರು" ಎಂದರು.

ಇದು ಸುಳ್ಳು ಎಂದು ಬರೆಯಿರಿ. ಒಂದು ಸಾಲು ಸಾಕು.

ನವ್ಯಾ

*

ಗಿರಾವೀನ್
4 ಮಾರ್ಚ್ 2007

ನವ್ಯಾಳಿಗೆ,

ಸುಳ್ಳಲ್ಲ.

ನೀನು ಹುಟ್ಟುವ ಮೊದಲು ನಾನು ಒಂದು ಅಣೆಕಟ್ಟಿನಲ್ಲಿ ಮೀನುಮರಿ ಬಿಡುವ ಯೋಜನೆಯಲ್ಲಿ ದಿನಗೂಲಿಯಾಗಿದ್ದೆ. ಬಿಟ್ಟ ಮರಿಗಳು ಬದುಕಿವೆ ಎಂದು ತೋರಿಸಲು ಮೇಲಿನವರು ಹೀಗೇ ಎಣಿಸುತ್ತಿದ್ದರು. ಗುರುತಿನ ಮೀನನ್ನು ನಮ್ಮ ಕೈಯಲ್ಲೇ ಎತ್ತಿಸಿ, ನಮಗೇ ಕೊಟ್ಟು, ತಿನ್ನಿ ಎನ್ನುತ್ತಿದ್ದರು. ತಿಂದೆವು. ಬದರಿನಾಥರು ಫೋನಿನಲ್ಲಿ ಹೆದರಿ ಮಾತಾಡುವಾಗ ಅದು ಬಾಯಿಗೆ ಬಂತು, ಹೇಳಿದೆ. ಯಾರಿಗೆ ನಷ್ಟ? ಕೋಟು ಹಾಕಿಕೊಂಡು ಆಟವಾಡುವವರಿಗೆ. ಕ್ಲಬ್ಬು ಬಂದ ಮೇಲೆ ಎರಡು ಲಾರಿ ಮೀನು ಸುರಿದರೆ ಸುಳ್ಳೇ ನಿಜವಾಗುತ್ತದೆ.

ಆದರೆ ನಾನು ಹೇಳಿದ್ದು ಕೊಂದು ಹೂತುಬಿಡಿ ಎಂದು. ಮೇಲೆ ಬಿಡಿ ಎಂದು ನಾನು ಹೇಳಿಲ್ಲ. ಆ ಮನುಷ್ಯನಿಗೆ ಮೋಸ ಮಾಡಲು ಕೈ ನಡುಗುವುದಿಲ್ಲ, ಮೀನು ಕೊಲ್ಲಲು ಪಾಪದ ಹೆದರಿಕೆ. ತೊರೆಗೆ ಬಿಟ್ಟೆ ಎಂದು ನೀನು ಬರೆದ ಪತ್ರ ಓದಿದ ದಿನವೇ ನನಗೆ ತಿಳಿಯಿತು. ಮೇಲೆ ಸಣ್ಣ ಮೀನುಂಟು ಎಂದು ಅದರ ಹಿಂದಿನ ಪತ್ರದಲ್ಲಿ ನೀನೇ ಬರೆದಿದ್ದೆ. ಕೆಳಗೆ ಯಾಕಿಲ್ಲ ಎಂದು ಕೇಳಿದ್ದೆ. ಕೆಳಗೆ ಟ್ರೌಟ್ ಉಂಟು, ಅವನ್ನು ತಿಂದುಬಿಡುತ್ತದೆ, ಅದಕ್ಕೆ. ಟ್ರೌಟ್ ಹತ್ತಲಾರದ ಆ ಜಲಪಾತವೇ ಅವುಗಳ ಕೋಟೆ.

ಹೇಳಬೇಕಿತ್ತು. ಹೇಳಿದ್ದರೆ ನೀನು ಅವತ್ತೇ ಹೋಗಿ ಗ್ರೆಗ್ಗನ ಎದುರು ನಿಲ್ಲುತ್ತಿದ್ದೆ. ಅದಕ್ಕೇ ಹೇಳಲಿಲ್ಲ.

ಈಗ ಸುಮ್ಮನಿರು. ಇನ್ನು ಮೂರು ವಾರ.

ಪಪ್ಪ

*

ಡ್ಯಾಂಡಿನಾಂಗ್
17 ಮಾರ್ಚ್ 2007

ಪಪ್ಪ,

ಸುಮ್ಮನಿರಲಿಲ್ಲ. ನಿಮಗೆ ಬೇರೆಯವರಿಂದ ತಿಳಿಯಬಾರದು ಎಂದು ಎಲ್ಲವನ್ನೂ ಬರೆಯುತ್ತೇನೆ.

ನಿಮ್ಮ ಪತ್ರ ಓದಿದ ಬೆಳಿಗ್ಗೆ ತೊರೆಗೆ ಹೋದೆ. ಕಲ್ಲು ಎತ್ತಿ ಎತ್ತಿ ನೋಡಿದೆ. ಮೊದಲು ಒಂದೊಂದು ಕಲ್ಲಿನ ಅಡಿಯಲ್ಲೂ ಎರಡು ಮೂರು ಇರುತ್ತಿದ್ದವು. ಅರ್ಧ ದಿನ ಹುಡುಕಿದ್ದಕ್ಕೆ ಐದು ಸಿಕ್ಕವು. ಮಡುವಿನಲ್ಲಿ ಟ್ರೌಟ್ ನಿಂತಿದ್ದವು. ಕೊಬ್ಬಿ ಹೊಳೆಯುತ್ತಿದ್ದವು. ನನ್ನ ನೆರಳು ನೋಡಿ ಬಾಯಿ ತೆರೆದುಕೊಂಡು ಹತ್ತಿರ ಬಂದವು. ನನ್ನನ್ನು ಗುರುತು ಹಿಡಿದ ಹಾಗೆ.

ಗಾಳ ಹಾಕಿ ನಾಲ್ಕು ಹಿಡಿದೆ. ನಾಲ್ಕಕ್ಕೂ ಬೆನ್ನಿನ ಆ ಪುಟ್ಟ ರೆಕ್ಕೆ ಇಲ್ಲ, ನನ್ನ ಕತ್ತರಿಯ ಗಾಯ ಮಾಯ್ದು ನುಣ್ಣಗಾಗಿದೆ. ಕಲ್ಲಿನ ಮೇಲಿಟ್ಟು ಹೊಟ್ಟೆ ಸೀಳಿದೆ, ನೀವು ಮಾಡುವುದನ್ನು ನೋಡಿದ್ದ ಹಾಗೆ ಬಾಲದ ಕಡೆಯಿಂದ. ಒಂದರ ಹೊಟ್ಟೆಯಲ್ಲಿ ಹನ್ನೊಂದು ಸಣ್ಣ ಮೀನು. ಅರ್ಧ ಕರಗಿ ಅಂಟಿಕೊಂಡಿದ್ದವು, ಪಕ್ಕೆಯ ಪಟ್ಟೆ ಮಾತ್ರ ಹಾಗೇ ಇತ್ತು. ಕೊನೆಗೆ ನುಂಗಿದ್ದ ಒಂದು ಇನ್ನೂ ಕಿವಿರು ಆಡಿಸುತ್ತಿತ್ತು. ನೀರಿಗೆ ಬಿಟ್ಟೆ, ಮುಳುಗಿ ಹೋಯಿತು. ನನಗೆ ಬದರಿನಾಥರ ಮೇಲೆ, ನಿಮ್ಮ ಮೇಲೆ ಹೇಸಿಗೆಯಾಯಿತು. ಹೆಚ್ಚಾಗಿ ಆ ಹತ್ತೊಂಬತ್ತು ಬಕೆಟ್ಟುಗಳ ಮೇಲೆ. ಒಳ್ಳೆಯ ಕೆಲಸ ಎಂದು ಬರೆದಿದ್ದೆನಲ್ಲ ನಿಮಗೆ.

ಮೀನನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಮರುದಿನ ಬೆಳಿಗ್ಗೆ ಬಸ್ಸು ಹಿಡಿದು, ಲಿಲಿಡೇಲ್‌ನಿಂದ ಮೆಲ್ಬರ್ನ್ ಟ್ರೈನು ಹತ್ತಿದೆ. ಐಸ್ ಕರಗಿ ಪೆಟ್ಟಿಗೆಯ ಮೂಲೆಯಿಂದ ನೀರು ಸೋರಿತು. ಎದುರಿಗಿದ್ದ ಹೆಂಗಸು ಎದ್ದು ಬೇರೆ ಬೋಗಿಗೆ ಹೋದಳು. ಇನ್ನೊಬ್ಬ ಮೂಗು ಮುಚ್ಚಿಕೊಂಡು ನನ್ನ ಮುಖ ನೋಡಿದ. ಫ್ಯಾಕ್ಟರಿಯಿಂದ ಮನೆಗೆ ಪ್ಯಾರಮಟ್ಟಾ ಟ್ರೈನಿನಲ್ಲಿ ನೀವು ಯಾವಾಗಲೂ ಬಾಗಿಲ ಬಳಿ ನಿಂತೇ ಬರುತ್ತಿದ್ದಿರಿ, ಸೀಟು ಖಾಲಿಯಿದ್ದರೂ. ಏಕೆಂದು ಅವತ್ತು ತಿಳಿಯಿತು.

ಮೀನುಗಾರಿಕೆ ಆಫೀಸಿನಲ್ಲಿ ರೋಬಿನ್ ಎಂಬ ಅಧಿಕಾರಿ ನನ್ನ ಮಾತು ಕೇಳಿದರು. ಪೆಟ್ಟಿಗೆ ತೆರೆದು ತೋರಿಸಿದೆ. ಆ ಸಣ್ಣ ಮೀನುಗಳನ್ನು ಅವರು ಒಂದೊಂದಾಗಿ ಎತ್ತಿ ಬಿಳಿ ತಟ್ಟೆಯಲ್ಲಿ ಸಾಲಾಗಿ ಇಟ್ಟರು. ಅವು ಇಂಥ ನಾಲ್ಕೈದು ತೊರೆಗಳಲ್ಲಿ ಮಾತ್ರ ಉಳಿದಿವೆಯಂತೆ. "ಯಾರು ಬಿಟ್ಟಿದ್ದು?" ಎಂದು ಕೇಳಿದರು. ನಾನು ಎಂದೆ. ಯಾರು ಹೇಳಿದ್ದು ಎಂದರು. ಬದರಿನಾಥ ಎಂದೆ. ಲೆಕ್ಕದ ಉಪಾಯ ಯಾರದು ಎಂದರು.

ನಿಮ್ಮ ಹೆಸರು ಹೇಳಿದೆ ಪಪ್ಪ. ಕೇಳದಿದ್ದರೆ ಹೇಳುತ್ತಿರಲಿಲ್ಲವೇನೋ. ಕೇಳಿದರು.

ಗ್ರೆಗ್‌ಗೂ ಫೋನ್ ಮಾಡಿ ನನ್ನ ಸಹಿ ಸುಳ್ಳು ಎಂದೆ. ಸಂಜೆ ನಾನು ಕೆರೆಗೆ ಮರಳುವ ಹೊತ್ತಿಗೆ, ಗ್ರೆಗ್ ಹೇಳಿ ತಿಳಿದ ಬದರಿನಾಥರು ಬಂದು ನನ್ನ ಚೀಲ ಶೆಡ್ಡಿನ ಹೊರಗಿಟ್ಟಿದ್ದರು. "ಮೀನುಗಾರರ ಬುದ್ಧಿ ತೋರಿಸಿಬಿಟ್ಟೆ" ಎಂದರು. ಮೀನುಗಾರರ ಬುದ್ಧಿ ಇದ್ದಿದ್ದರೆ ಆ ಬಕೆಟ್ಟು ಎತ್ತುವ ಮೊದಲೇ ತಿಳಿಯುತ್ತಿತ್ತು ಎಂದೆ. ಈಗ ಇಲ್ಲಿ, ಮೆಲ್ಬರ್ನ್ ಅಂಚಿನಲ್ಲಿ, ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತೇನೆ.

ವಿಳಾಸ ಹಿಂದೆ ಬರೆದಿದ್ದೇನೆ.

ನವ್ಯಾ

*

ಗಿರಾವೀನ್
29 ಮಾರ್ಚ್ 2007

ನವ್ಯಾ,

ನಾನು ಅಮ್ಮ. ನನಗೆ ಬರೆದು ಅಭ್ಯಾಸ ಇಲ್ಲ, ಗೊತ್ತಲ್ಲ.

ಪಪ್ಪ ನಿನ್ನ ಪತ್ರ ಓದಿ ಜೇಬಿನಲ್ಲಿಟ್ಟುಕೊಂಡರು. ಫ್ಯಾಕ್ಟರಿ ನಿನ್ನೆ ಮುಚ್ಚಿತು. ಬದರಿನಾಥರು ಸ್ಪಾನ್ಸರ್ ಇಲ್ಲ ಎಂದು ಹೇಳಿದ್ದಾರೆ. ವಕೀಲರ ಹತ್ತಿರ ಹೋಗಿದ್ದೆವು, ಸ್ವಲ್ಪ ದಿನ ಸಮಯ ಉಂಟಂತೆ, ಹೆಚ್ಚಿಲ್ಲ. ಅಷ್ಟು ದಿನ ಇಲ್ಲೇ ಇರಲು ಮನೆಯ ಯಜಮಾನ ಒಪ್ಪಿದ್ದಾನೆ.

ಯಾದವರ ಮನೆಯಿಂದ ಯಾರೂ ಬರುವುದಿಲ್ಲ ಈಗ. ಅದಕ್ಕೆ ನನಗೆ ಬೇಜಾರಿಲ್ಲ. ಕಟ್ಟಿದ ಪಾತ್ರೆ ಬಿಚ್ಚಲಾ ಬೇಡವಾ ಎಂದು ಕೇಳಿದರೆ ಪಪ್ಪ ಹೊರಗೆ ಹೋಗಿ ನಿಲ್ಲುತ್ತಾರೆ. ದಿನಾ ಒಂದೇ ಪಾತ್ರೆಯಲ್ಲಿ ಅಡಿಗೆ ಮಾಡುತ್ತಿದ್ದೇನೆ.

ನೀನು ತಪ್ಪು ಮಾಡಿದ್ದೀ ಎಂದು ನಾನು ಹೇಳುವುದಿಲ್ಲ. ಸರಿ ಎಂದು ಹೇಳಲಿಕ್ಕೂ ಆಗುವುದಿಲ್ಲ ಮಗಾ. ಮೈ ನೋಡಿಕೊ.

ಅಮ್ಮ

*

ಡ್ಯಾಂಡಿನಾಂಗ್
15 ಏಪ್ರಿಲ್ 2007

ಪಪ್ಪ,

ನೀವು ಓದುತ್ತೀರೋ ಇಲ್ಲವೋ. ಲೆಕ್ಕ ಒಪ್ಪಿಸಬೇಕು, ಅದಕ್ಕೆ ಬರೆಯುತ್ತೇನೆ.

ರೋಬಿನ್ ಮತ್ತು ಇನ್ನಿಬ್ಬರು ತೊರೆಯನ್ನು ಶುಚಿ ಮಾಡುತ್ತಿದ್ದಾರೆ. ಬೆನ್ನಿಗೆ ಬ್ಯಾಟರಿ ಕಟ್ಟಿಕೊಂಡು ನೀರಿಗೆ ಕರೆಂಟು ಕೊಡುತ್ತಾರೆ, ಮೀನು ಪ್ರಜ್ಞೆ ತಪ್ಪಿ ತೇಲುತ್ತದೆ. ಟ್ರೌಟ್ ಆದರೆ ಬಕೆಟ್ಟಿಗೆ, ಸಣ್ಣದಾದರೆ ವಾಪಸ್ಸು ನೀರಿಗೆ. ಎಲ್ಲೆಲ್ಲಿ ಬಿಟ್ಟೆ ಎಂದು ನನಗೆ ಮಾತ್ರ ಗೊತ್ತು, ಹಾಗಾಗಿ ರಜೆಯ ದಿನ ನಾನೂ ಹೋಗಿ ಬಕೆಟ್ಟು ಹೊರುತ್ತೇನೆ. ಅದೇ ಬಕೆಟ್ಟು, ಅದೇ ದಾರಿ, ಈ ಸಲ ಕೆಳಮುಖ. ಹೊರುವಾಗ ಯಾರೂ ಕೈ ಮುಗಿಯುವುದಿಲ್ಲ.

ನಾನು ಹಿಡಿದ ನಾಲ್ಕೂ ಸೇರಿ ಇಲ್ಲಿಯ ತನಕ ನೂರಾ ಒಂದು ಸಿಕ್ಕಿದೆ. ಪ್ರತಿಯೊಂದರ ಬೆನ್ನನ್ನೂ ಬೆರಳಿನಿಂದ ಮುಟ್ಟಿ ನೋಡುತ್ತೇನೆ. ಎಲ್ಲ ನನ್ನವೇ. ಕಳೆದ ಎರಡು ಸಲ ಒಂದೂ ಸಿಗಲಿಲ್ಲ. ಇನ್ನು ಹದಿಮೂರಿವೆ. ಮೇಲಿನ ಮಡುಗಳಲ್ಲಿ ಬೇರುಗಳ ಅಡಿಗೆ ಕರೆಂಟು ಮುಟ್ಟುವುದಿಲ್ಲವಂತೆ. ಕೆರೆಯಲ್ಲಿ ಮೊಟ್ಟೆಯಿಡಲಾರದ ಈ ಮೀನು ಆ ತೊರೆಯ ಜಲ್ಲಿಯಲ್ಲಿ ಇಡಬಲ್ಲದು. ಮೇ ಕಳೆಯುವುದರೊಳಗೆ ಅವನ್ನು ತೆಗೆಯದಿದ್ದರೆ ಇಷ್ಟು ದಿನ ಮಾಡಿದ್ದೆಲ್ಲ ದಂಡ.

ನಿಮ್ಮ ಹೆಸರಿಗೆ ಆಫೀಸಿನಿಂದ ಒಂದು ಫಾರಂ ಬರುತ್ತದೆ, ಹೇಳಿಕೆ ಬರೆದುಕೊಡಲು. ಬರೆಯಲೇಬೇಕೆಂದಿಲ್ಲ ಎಂದು ರೋಬಿನ್ ಹೇಳಿದರು.

ನವ್ಯಾ

*

ಗಿರಾವೀನ್
22 ಏಪ್ರಿಲ್ 2007

ನವ್ಯಾಳಿಗೆ,

ಫಾರಂ ಬಂತು. ನಾನು ಬದರಿನಾಥರಿಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸಿದ್ದೇನೆ. ಉದ್ಯೋಗ ಏನು ಎಂದು ಒಂದು ಕಡೆ ಕೇಳಿದ್ದಾರೆ. ಮೀನು ಕೊಯ್ಯುವುದು ಎಂದು ಬರೆದೆ. ನಿನ್ನ ಅಮ್ಮ ಇಣುಕಿ ನೋಡಿ ಒಳಗೆ ಹೋದಳು.

ನಿನ್ನನ್ನು ಮೆಚ್ಚಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನಿನ್ನಿಂದ ನಾವು ಈ ದೇಶ ಬಿಡಬೇಕಾಗಬಹುದು. ಅದರ ಸಿಟ್ಟು ನನ್ನಲ್ಲುಂಟು, ಹೋಗುವ ಹಾಗೆಯೂ ಕಾಣುವುದಿಲ್ಲ. ನನ್ನ ಮೇಲಿನ ಹೇಸಿಗೆ ನೀನೂ ಬಿಡಬೇಕಾಗಿಲ್ಲ.

ಆದರೆ ಬೇರಿನ ಅಡಿಯ ಮೀನಿಗೆ ಕರೆಂಟು ಕೊಡುವವರು ಎಂತ ಮೀನು ಹಿಡಿದಾರು? ಅದಕ್ಕೆ ಕೈ ಬೇಕು. ಹೊಟ್ಟೆಯ ಅಡಿಯಿಂದ ಮೆಲ್ಲ ಸವರಿಕೊಂಡು ಹೋಗಿ ಕಿವಿರಿಗೆ ಬೆರಳು ಹಾಕಬೇಕು. ಚಿಕ್ಕಂದಿನಲ್ಲಿ ಹೊಳೆಯಲ್ಲಿ ನಾವು ಹಿಡಿಯುತ್ತಿದ್ದದ್ದೇ ಹಾಗೆ. ನಿನಗೆ ಕಲಿಸಲಿಲ್ಲ, ನಿನ್ನ ಕೈ ಮೀನು ನಾರಬಾರದು ಎಂದು.

ಹಗ್ಗಕ್ಕೆ ನಾನೂ ಕೈ ಹಾಕಿದವನು. ಆ ಹದಿಮೂರರಲ್ಲಿ ನನ್ನ ಪಾಲುಂಟು. ಶುಕ್ರವಾರ ಸೆಂಟ್ರಲ್‌ನಿಂದ ಮೆಲ್ಬರ್ನ್ ಟ್ರೈನು ಹತ್ತುತ್ತೇನೆ. ರೋಬಿನ್ ಎಂಬವರಿಗೆ ಕೇಳಿಡು, ಕೈಯಲ್ಲಿ ಹಿಡಿಯಲಿಕ್ಕೆ ಅಪ್ಪಣೆ ಬೇಕೋ ಏನೋ. ಈ ಸಲ ಕೇಳಿಯೇ ಇಳಿಯುವ.

ಒಂದು ಮಾತು. ಸಿಕ್ಕಿದ್ದನ್ನು ಕೊಲ್ಲುವುದು ನಾನು. ನೀನು ಎಣಿಸು.

ಪಪ್ಪ